ಗದಾಯುದ್ಧದ ಸಂಧಿಮಾತು: ಪರಭಾರೆಯ ಮನ್ನಾ

ರನ್ನನ ಗದಾಯುದ್ಧದಲ್ಲಿ ಸಂಧಿಯ ಪ್ರಸ್ತಾಪವನ್ನು ದುರ್ಯೋಧನನ ಛಲಕ್ಕೆ ಹಿನ್ನೆಲೆಯಾಗಿ ಮಾತ್ರ ಓದುವುದು ನಮ್ಮ ವಿಮರ್ಶೆಯ ರೂಢಿ. ಧೃತರಾಷ್ಟ್ರ, ಗಾಂಧಾರಿ, ಬಳಿಕ ಶರಶಯ್ಯೆಯ ಭೀಷ್ಮ ಬುದ್ಧಿ ಹೇಳುತ್ತಾರೆ, ಅವನು ಒಲ್ಲೆನೆನ್ನುತ್ತಾನೆ. ಒಪ್ಪಿದ್ದರೆ? ಈ ಪ್ರಶ್ನೆಯನ್ನು ಕಾವ್ಯವೇ ಆರಂಭದಲ್ಲಿ ದ್ರೌಪದಿಯ ಮೂಲಕ ಎತ್ತಿದೆ. ಧರ್ಮರಾಯ ಎಲ್ಲಿ ಸಂಧಿಗೆ ಒಪ್ಪಿಬಿಡುವನೋ ಎಂಬ ಅಳುಕು ಅವಳದು. ದುಶ್ಶಾಸನ ಸತ್ತಿದ್ದಾನೆ, ತೊಡೆ ಮುರಿಯುವ ಪ್ರತಿಜ್ಞೆ ಬಾಕಿಯಿದೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಾದರೆ ಸಂಧಾನಕ್ಕೆ ಹೊರಟ ಕೃಷ್ಣನೆದುರು ಮುಡಿ ಹಿಡಿದು ನಿಲ್ಲುವ ಅವಕಾಶವಾದರೂ ಅವಳಿಗುಂಟು. ಇಲ್ಲಿ ಅವಳ ಮಾತಿಗೆ ಕಿವಿಯಾಗುವವನು ಭೀಮ. ಅವನೂ ಸಂಧಿಮಾತಿನ ಹೊರಗಿನವನೇ.

ಈ ಭಾಗದ ತೂಕ ನನಗೆ ತಿಳಿದದ್ದು ಸಿಂಗಾಪುರದಲ್ಲಿ. 1942ರಲ್ಲಿ ಜಪಾನೀ ಸೇನೆ ಇಲ್ಲಿನ ಚೀನೀ ನಾಗರಿಕರನ್ನು ಶೋಧಿಸಿ ಸಾಮೂಹಿಕವಾಗಿ ಕೊಂದಿತು. ಇತಿಹಾಸ ಅದನ್ನು ಸೂಕ್ ಚಿಂಗ್ ಎನ್ನುತ್ತದೆ. 1951ರ ಸ್ಯಾನ್ ಫ್ರಾನ್ಸಿಸ್ಕೋ ಒಪ್ಪಂದದಲ್ಲಿ ಮಿತ್ರರಾಷ್ಟ್ರಗಳು, ಕೆಲವು ವಿನಾಯಿತಿಗಳೊಡನೆ, ಜಪಾನಿನ ಮೇಲಿನ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟವು. ವಸಾಹತಾಗಿದ್ದ ಸಿಂಗಾಪುರದ ಪರವಾಗಿ ಬಿಟ್ಟದ್ದು ಬ್ರಿಟನ್. ಸತ್ತವರ ಮನೆಯವರನ್ನು ಯಾರೂ ಕೇಳಲಿಲ್ಲ. ಕೊಟ್ಟವನಲ್ಲದವನು ಸಾಲ ಮನ್ನಾ ಮಾಡಿದಂತಾಯಿತು. 1962ರಲ್ಲಿ ಸಿಗ್ಲಾಪ್‌ನ ಮಣ್ಣಿನಿಂದ ಮೂಳೆಗಳು ಎದ್ದವು. 1963ರ ಆಗಸ್ಟ್ 25ರಂದು ಸಿಟಿ ಹಾಲ್ ಮುಂದೆ ಜನಸಾಗರ ಸೇರಿತು. ಅವರು ಕೇಳಿದ್ದಕ್ಕೆ ಇಟ್ಟ ಹೆಸರೇ ರಕ್ತಋಣ. 1966ರಲ್ಲಿ ಜಪಾನ್ 5 ಕೋಟಿ ಡಾಲರಿಗೆ ಒಪ್ಪಿತು, ಅದರಲ್ಲೂ ಅರ್ಧ ಸಾಲದ ರೂಪದಲ್ಲಿ! ಬೀಚ್ ರೋಡಿನ ನಾಗರಿಕ ಸ್ಮಾರಕದ ನಾಲ್ಕು ಕಂಬಗಳಡಿ ಆ ಅವಶೇಷಗಳಿವೆ.

ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಇಲ್ಲಿನವರು ಕೇಳಿದ್ದು ಯಾರ ತೊಡೆಯನ್ನೂ ಅಲ್ಲ. ಆದರೆ ಸಹಿ ಹಾಕಬಲ್ಲವರ ನಡುವಿನ ಸಂಧಿ ನೊಂದವರನ್ನು ಕಟ್ಟಿಹಾಕಲಾರದೆಂಬುದು ರನ್ನನಿಗೆ ಗೊತ್ತಿತ್ತು. ಗದಾಯುದ್ಧದಲ್ಲಿ ದ್ರೌಪದಿಯಷ್ಟೇ ಸ್ಪಷ್ಟವಾಗಿ ಇದನ್ನು ಕಂಡ ಇನ್ನೊಬ್ಬನೆಂದರೆ, ವಿಚಿತ್ರವೆನಿಸಿದರೂ, ದುರ್ಯೋಧನನೇ. ಭೀಮಾರ್ಜುನರನ್ನು ಕೊಂದ ಮೇಲೆ ಧರ್ಮರಾಯನೊಡನೆ ಬಾಳಬಹುದೆಂಬ ಅವನ ಉತ್ತರ ಬರಿಯ ಛಲವಲ್ಲ. ತಮ್ಮಂದಿರನ್ನೂ ಕರ್ಣನನ್ನೂ ಕಳೆದುಕೊಂಡ ಅವನು ತಾನೂ ನೊಂದವನು. ಹಿರಿಯರ ಸಂಧಿಯಲ್ಲಿ ಆ ಅಳಲಿಗೂ ಎಡೆಯಿಲ್ಲ. ದ್ರೌಪದಿ-ಭೀಮರ ಸಂವಾದವನ್ನು ವೇಣೀಸಂಹಾರದ ಋಣವೆಂದು ಬದಿಗಿಡುವವರು ಅದರ ಸ್ಥಾನವನ್ನು ಗಮನಿಸಿದಂತಿಲ್ಲ. ಧೃತರಾಷ್ಟ್ರ ಬಾಯಿ ತೆರೆಯುವ ಮೊದಲೇ ಅವಳ ಅಳುಕು ನಮ್ಮ ಕಿವಿಯಲ್ಲಿರುತ್ತದೆ.