ತಾಯ್ತಂದೆಯರ ಮನಃಪರೀಕ್ಷೆಯಲ್ಲಿ ಹೇತುವಿಚಾರ

ಮಕ್ಕಳನ್ನು ಹಿಂಸಿಸಬಹುದಾದ ತಾಯ್ತಂದೆಯರನ್ನು ಮುಂಚಿತವಾಗಿಯೇ ಗುರುತಿಸುವುದಕ್ಕಾಗಿ ಏರ್ಪಟ್ಟ ಸಾಧನಗಳಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೋಯಲ್ ಮಿಲ್ನರವರ ಪ್ರಶ್ನಾವಳಿಯು ಪ್ರಸಿದ್ಧವಾದುದು. 1986ರಲ್ಲಿ ಅದರ ಕೈಪಿಡಿಯ ಎರಡನೆಯ ಆವೃತ್ತಿ ಹೊರಬಂದಿತು. ಅದರಲ್ಲಿರುವ 160 ವಾಕ್ಯಗಳಿಗೂ ಒಪ್ಪಿಗೆಯನ್ನಾಗಲಿ ಅಸಮ್ಮತಿಯನ್ನಾಗಲಿ ಸೂಚಿಸಬೇಕು. 77 ವಾಕ್ಯಗಳಿಂದ ಹಿಂಸಾಸಂಭವದ ಅಂಕವು ದೊರೆಯುತ್ತದೆ. ಸುಳ್ಳುತ್ತರಗಳನ್ನು ಕಂಡುಹಿಡಿಯುವ ಉಪಾಯವನ್ನೂ ಅಳವಡಿಸಿರುವುದು ಶ್ಲಾಘ್ಯವೇ ಸರಿ.

ಆದರೆ ಈ ವಾಕ್ಯಗಳು ಬಹುಮಟ್ಟಿಗೆ ಅಳೆಯುವುದು ಹೆತ್ತವರ ಸಂಕಟ, ಅಸಂತೋಷ, ಕುಟುಂಬಕಲಹ, ಮಕ್ಕಳ ವಿಷಯದ ಬಿಗಿಯಾದ ನಿರೀಕ್ಷೆ ಇವುಗಳನ್ನು. ಇಲ್ಲಿ ಹೇತುವು ಮನಸ್ತಾಪ, ಸಾಧ್ಯವು ಹಿಂಸೆ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು, ಬೆಂಕಿಯಿಂದ ಹೊಗೆಯನ್ನು ಅನುಮಾನಿಸಲಾಗದೆಂದು ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲರೂ ಬಲ್ಲರು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯೆಂಬ ಉಪಾಧಿ ಕೂಡಿದಾಗಲೇ ಹೊಗೆ. ಹಾಗೆಯೇ ತಾಪವುಳ್ಳವರೆಲ್ಲರೂ ಹಿಂಸಕರಲ್ಲ. ಮದ್ಯಪಾನ, ನೆರವಿಲ್ಲದ ಒಂಟಿತನ ಮೊದಲಾದವು ಕೂಡಿದಲ್ಲಿ ಭಯ ಹೆಚ್ಚು.

ಕೃಷ್ಣರಾಜನಗರದ ಸೀಮೆಯಲ್ಲಿ ದಿನವೆಲ್ಲ ಬತ್ತದ ನಾಟಿ ಮಾಡಿ, ಸಾಲದ ಚಿಂತೆಯೊಡನೆ ಮನೆಗೆ ಮರಳಿದ ತಾಯಿಯನ್ನು ಹೀಗೆ ಪರೀಕ್ಷಿಸಿದರೆ ಅಂಕವು ಏರುವುದು ಸಹಜ. ಮಕ್ಕಳು ಹಿರಿಯರ ಮಾತನ್ನು ಮೀರಬಾರದೆಂಬುದು ಅಲ್ಲಿ ವಿನಯದ ಪಾಠ; ಪ್ರಶ್ನಾವಳಿಯ ದೃಷ್ಟಿಯಲ್ಲಿ ಅದೇ ಕಾಠಿಣ್ಯದ ಲಕ್ಷಣವಾಗಬಹುದು. ಆದುದರಿಂದ ಕನ್ನಡಕ್ಕೆ ಪದಶಃ ಭಾಷಾಂತರಿಸಿದರೆ ಸಾಲದು. ಅಂಕದ ಮೇರೆಯನ್ನು ಈ ನಾಡಿನ ಜನರಲ್ಲಿಯೇ ಪರೀಕ್ಷಿಸಿ ನಿರ್ಣಯಿಸಬೇಕು.

ಶಿಶುರಕ್ಷಣೆಗಿಂತ ತರ್ಕಶುದ್ಧಿ ದೊಡ್ಡದೆ ಎಂಬ ಪೂರ್ವಪಕ್ಷವು ಅಲಕ್ಷ್ಯಕ್ಕೆ ಅರ್ಹವಲ್ಲ. ಭಾರತ ಸರ್ಕಾರವು 2007ರಲ್ಲಿ ಪ್ರಕಟಿಸಿದ 13 ರಾಜ್ಯಗಳ ಸಮೀಕ್ಷೆಯಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕಹಿಂಸೆಗೆ ಒಳಗಾದವರೆಂದು ಕಂಡುಬಂದಿತು. ಆದಾಗ್ಯೂ ಗಣಿತವನ್ನು ನೋಡಬೇಕು. ಸಾವಿರ ಹೆತ್ತವರಲ್ಲಿ 50 ಮಂದಿ ಕ್ರೂರರೆಂದೂ, ಪರೀಕ್ಷೆಯು ಅವರಲ್ಲಿ 40 ಮಂದಿಯನ್ನು ಹಿಡಿದು, ಉಳಿದ 950ರಲ್ಲಿ ಹತ್ತಕ್ಕೊಬ್ಬರನ್ನು ತಪ್ಪಾಗಿ ಶಂಕಿಸುವುದೆಂದೂ ಇಟ್ಟುಕೊಂಡರೆ, ಶಂಕಿತರು 135. ಅವರಲ್ಲಿ 95 ಮಂದಿ ನಿರ್ದೋಷಿಗಳು. ಇತ್ತ 10 ಮಂದಿ ಕ್ರೂರರು ತಪ್ಪಿಸಿಕೊಂಡೇ ಇರುತ್ತಾರೆ.

ಬಾಲನ್ಯಾಯದ 2015ರ ಅಧಿನಿಯಮದ 75ನೆಯ ಪ್ರಕರಣವು ದಂಡಿಸುವುದು ಕೃತ್ಯವನ್ನು, ಸ್ವಭಾವದ ಊಹೆಯನ್ನಲ್ಲ. ಮಗುವಿನ ಮೈಮೇಲೆ ಏಟಿನ ಗುರುತು ಕಂಡಲ್ಲಿ ಪ್ರಶ್ನಾವಳಿಗಾಗಿ ಕಾಯಬೇಕಾಗಿಲ್ಲ, ಅದು ಪ್ರತ್ಯಕ್ಷ. ಕೇವಲ ಅಂಕ ಹೆಚ್ಚಿದ ಮನೆಗೆ ಮೊದಲು ಅಂಗನವಾಡಿಯ ಕಾರ್ಯಕರ್ತೆಯೂ ವೈದ್ಯರೂ ಹೋಗಲಿ. ತಾಯಿಗೆ ವಿಶ್ರಾಂತಿ, ತಂದೆಗೆ ಕುಡಿತದ ಚಿಕಿತ್ಸೆ ದೊರಕಲಿ. ಹಸಿ ಸೌದೆಯನ್ನು ತೆಗೆದಿಡುವ ಈ ಕೆಲಸಕ್ಕೆ ಪರೀಕ್ಷೆಯು ಸಹಾಯಕವಾದರೆ ಅದು ಉಪಾದೇಯ. ತೀರ್ಪನ್ನು ಕೊಡಹೊರಟರೆ ಹೇತ್ವಾಭಾಸ.