ಸಂಗತಿಯೂ ಕಥೆಯೂ: ‘ಹಾಜಿ ಮುರಾದ್’ ಕಾದಂಬರಿಯ ಒಂದು ವಿಚಾರ

ಕಥೆಗೆ ಒದಗಬಹುದಾದ ಸಂಗತಿಗಳನ್ನು ಕಲೆಹಾಕುವ ಅಭ್ಯಾಸ ನಮ್ಮ ಲೇಖಕರಲ್ಲಿ ಬೆಳೆದಿರುವುದು ಸಂತೋಷದ ಮಾತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನೋ 1982ರ ಗಿರಣಿ ಮುಷ್ಕರವನ್ನೋ ಕುರಿತು ಬರೆಯಹೊರಟವನು ಪಾಳಿಯ ವೇಳೆ, ಕೂಲಿಯ ದರ, ಚಾಳಿನ ಬಾಡಿಗೆ ಇವನ್ನು ಅರಿತಿರಬೇಕಾದುದು ನ್ಯಾಯವೇ. ಆದರೆ ಸಂಗತಿ ಸ್ವಾರಸ್ಯವಾಗಿದ್ದರೆ ಕಥೆಯೂ ಸ್ವಾರಸ್ಯವಾದೀತು ಎಂಬ ನಂಬಿಕೆ ಅದರ ಬೆನ್ನಿಗೇ ಬರುತ್ತದೆ. ಬರಿಯ ಇತಿವೃತ್ತವನ್ನು ನಿರ್ವಹಿಸಿದ ಮಾತ್ರಕ್ಕೆ ಕವಿಗೆ ಪ್ರಯೋಜನವಿಲ್ಲ, ಆ ಕೆಲಸ ಇತಿಹಾಸದಿಂದಲೇ ಆಗುತ್ತದೆ ಎಂದು ಆನಂದವರ್ಧನನು ಎಂದೋ ಎಚ್ಚರಿಸಿದ್ದಾನೆ. ಹಾಗಾದರೆ ಇತಿವೃತ್ತದ ವಿವರಗಳು ಲೇಖಕನಿಗೆ ಬೇಕಾಗುವುದು ಯಾವಾಗ, ಏತಕ್ಕೆ? ಟಾಲ್‌ಸ್ಟಾಯ್‌ಯ ‘ಹಾಜಿ ಮುರಾದ್’ ಹುಟ್ಟಿ ಬೆಳೆದ ಬಗೆಯನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರದ ದಾರಿ ಕಾಣುತ್ತದೆ.

ಕಾಕಸಸ್ ಪರ್ವತಪ್ರಾಂತದಲ್ಲಿ ರಷ್ಯದ ಸೇನೆಯನ್ನು ಇದಿರಿಸಿದ ಇಮಾಮ್ ಶಮೀಲನ ಬಲಗೈಯಂತಿದ್ದ ಹಾಜಿ ಮುರಾದನು 1851ರಲ್ಲಿ ತನ್ನ ಒಡೆಯನೊಡನೆ ವೈರ ಬೆಳೆದು ರಷ್ಯನ್ನರ ಕಡೆಗೆ ಬಂದನು. ಟಿಫ್ಲಿಸ್ ನಗರವೆಲ್ಲ ಈ ಸುದ್ದಿಯಿಂದ ತುಂಬಿದ್ದಾಗ ಇಪ್ಪತ್ತಮೂರರ ಟಾಲ್‌ಸ್ಟಾಯ್ ಅಲ್ಲಿಯೇ ಇದ್ದನು. ಆ ಡಿಸೆಂಬರಿನಲ್ಲಿ ಅಣ್ಣನಿಗೆ ಬರೆದ ಕಾಗದದಲ್ಲಿ ಈ ವೀರನ ಶೌರ್ಯವನ್ನು ಹೊಗಳಿ, ಶರಣಾದುದು ಮಾತ್ರ ನೀಚತನವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟನು. ಇದಕ್ಕಿಂತ ಸ್ವಾರಸ್ಯವಾದ ವಸ್ತು ತರುಣ ಲೇಖಕನೊಬ್ಬನಿಗೆ ಕಣ್ಣೆದುರಿಗೇ ದೊರೆಯುವುದು ಅಪೂರ್ವ. ಆದರೂ ನಲವತ್ತೈದು ವರ್ಷಗಳ ಕಾಲ ಅದರಿಂದ ಕಥೆ ಹೊರಡಲಿಲ್ಲ. ತೀರ್ಪು ಆಗಲೇ ಮುಗಿದಿತ್ತು. ಕೇಳುವುದಕ್ಕೆ ಪ್ರಶ್ನೆಯೇ ಉಳಿದಿರಲಿಲ್ಲವೆಂದು ನನಗೆ ತೋರುತ್ತದೆ.

1896ರ ಜುಲೈಯಲ್ಲಿ ಉತ್ತ ಹೊಲದ ನಡುವೆ, ಅರ್ಧ ಮುರಿದು ಮಣ್ಣು ಮೆತ್ತಿಯೂ ಇನ್ನೂ ಬದುಕಿದ್ದ ಮುಳ್ಳುಗಿಡವೊಂದು ಅವನ ಕಣ್ಣಿಗೆ ಬಿತ್ತು. ಅದನ್ನು ಕಂಡು ಹಾಜಿ ಮುರಾದನ ನೆನಪಾಯಿತೆಂದು ದಿನಚರಿಯಲ್ಲಿ ಬರೆದುಕೊಂಡನು. ಹೊಸ ಸಂಗತಿ ಯಾವುದೂ ಕೈಗೆ ಬಂದಿರಲಿಲ್ಲ. ಹಳೆಯ ಸಂಗತಿಯ ಮೇಲಿನ ತೀರ್ಪು ಕಳಚಿಬಿದ್ದಿತ್ತು. ಸಂಗತಿಗಳ ನಿಜವಾದ ಹಸಿವು ಹುಟ್ಟಿದುದು ಆಮೇಲೆ. ಪೀಟರ್ಸ್‌ಬರ್ಗಿನ ಗ್ರಂಥಾಲಯದಿಂದ ಸ್ಟಾಸೋವ್ ಪುಸ್ತಕಗಳನ್ನು ಒದಗಿಸಿದನು. ಹಾಜಿ ಮುರಾದನು ಕಡೆಯ ದಿನಗಳನ್ನು ಕಳೆದ ನೂಖಾ ಪಟ್ಟಣದಲ್ಲಿ ಅಧಿಕಾರಿಯಾಗಿದ್ದವನ ವೃದ್ಧ ವಿಧವೆಗೆ 1903ರಲ್ಲಿ ಟಾಲ್‌ಸ್ಟಾಯ್ ಪತ್ರ ಬರೆದನು. ಕೇಳಿದ ಪ್ರಶ್ನೆಗಳನ್ನು ನೋಡಿ: ಅವನಿಗೆ ಸ್ವಲ್ಪವಾದರೂ ರಷ್ಯನ್ ಬರುತ್ತಿತ್ತೆ? ಎದ್ದು ಕಾಣುವಷ್ಟು ಕುಂಟುತ್ತಿದ್ದನೆ? ನೇಮನಿಷ್ಠೆಗಳಲ್ಲಿ ಕಟ್ಟುನಿಟ್ಟಾಗಿದ್ದನೆ? ತಪ್ಪಿಸಿಕೊಂಡು ಹೊರಟಾಗ ಏರಿದ ಕುದುರೆಗಳು ಯಾರವು? ಇವುಗಳಲ್ಲಿ ಒಂದೂ ಪತ್ರಿಕೆಯವರು ಕೇಳುವಂಥ ಪ್ರಶ್ನೆಯಲ್ಲ. ವ್ಯಕ್ತಿಯೊಬ್ಬನನ್ನು ಬಾಗಿಲಿನಿಂದ ಒಳಗೆ ನಡೆಸಿ ತರಬೇಕಾದವನಿಗೆ ಮಾತ್ರ ಅವನ ಕುಂಟು ಬೇಕಾಗುತ್ತದೆ.

ದಾಖಲೆಗಳನ್ನು ಅವನು ಬಳಸಿಕೊಂಡ ರೀತಿಯೂ ಗಮನಾರ್ಹ. ರಾಜಪ್ರತಿನಿಧಿ ವೊರೊನ್‌ತ್ಸೋವನು ಮಂತ್ರಿಗೆ ಬರೆದ ಪತ್ರ ಒಂದು ಅಧ್ಯಾಯವನ್ನೇ ಆಕ್ರಮಿಸಿದೆ. ಅದು ನೀರಸವೆಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಮನುಷ್ಯನೊಬ್ಬನ ಹೆಂಡಿರು ಮಕ್ಕಳ ಪ್ರಾಣ ಇಂಥ ನಯವಾದ ಕಾಗದಗಳ ಮೇಲೆ ತೂಗಾಡುತ್ತಿತ್ತು ಎಂಬುದೂ ಆ ನೀರಸತೆಯಿಂದಲೇ ತಿಳಿಯುತ್ತದೆ. ಇನ್ನು ಅವ್ದೇಯೆವ್ ಎಂಬ ಸಿಪಾಯಿಯ ಪ್ರಸಂಗ. ಮಕ್ಕಳೊಂದಿಗನಾದ ಅಣ್ಣನಿಗೆ ಬದಲಾಗಿ ಸೈನ್ಯ ಸೇರಿದ ಈ ರೈತನು ಅರ್ಥವಿಲ್ಲದ ಒಂದು ಕಾಳಗದಲ್ಲಿ ಸಾಯುತ್ತಾನೆ. ಸರಕಾರಿ ವರದಿಯಲ್ಲಿ ಅವನು ‘ಸತ್ತವನು ಒಬ್ಬ’ ಎಂಬ ಒಂದು ಅಂಕಿ. ಅದೇ ವರದಿಯಲ್ಲಿ ಶತ್ರುಗಳ ಕಡೆ ನೂರರಷ್ಟು ನಷ್ಟವೆಂಬ ಸುಳ್ಳೂ ಇದೆ. ಊರಿನಲ್ಲಿ ಕಣದ ಕೆಲಸ ನಡೆದಿದೆ. ತಾಯಿ ಮಗನಿಗೆಂದು ಕಾಗದದೊಳಗೆ ಒಂದು ರೂಬಲ್ ಇಡಿಸಿ ಕಳಿಸುತ್ತಾಳೆ. ಸಾವಿನ ಸುದ್ದಿಯೊಡನೆ ಆ ರೂಬಲ್ ಹಿಂದಿರುಗುತ್ತದೆ. ಲೆಕ್ಕದ ಪುಸ್ತಕಗಳ ನಡುವೆ ದಿನಗಳೆಯುವ ನನಗೆ, ಜಮೆಗೂ ಖರ್ಚಿಗೂ ಸಲ್ಲದ ಆ ಒಂದು ರೂಬಲ್ ಕಾದಂಬರಿಯ ಅತ್ಯಂತ ಭಾರವಾದ ನಾಣ್ಯವಾಗಿ ಕಂಡಿದೆ. ಇದು ಯಾವ ಕಡತದಲ್ಲಿಯೂ ಇದ್ದುದಲ್ಲ, ಕಲ್ಪಿತ. ಆದರೆ ವರದಿಯ ಶೈಲಿಯನ್ನು ಬಲ್ಲವನಿಗಲ್ಲದೆ ಆ ವರದಿ ಬಿಟ್ಟದ್ದೇನೆಂಬುದು ಹೊಳೆಯುತ್ತಿರಲಿಲ್ಲ.

ಇಡೀ ಚರಿತ್ರೆಯಲ್ಲಿ ರೋಮಾಂಚಕವಾದುದು ಹಾಜಿ ಮುರಾದನ ತಲೆಯನ್ನು ಕಡಿದೊಯ್ದ ಸಂಗತಿ. ಸಾಮಾನ್ಯ ಲೇಖಕನು ಇದನ್ನು ಕೊನೆಗೆ ಕಾಯ್ದಿರಿಸುತ್ತಿದ್ದನು. ಟಾಲ್‌ಸ್ಟಾಯ್ ಸಾವನ್ನು ವರ್ಣಿಸುವ ಮೊದಲೇ, ಚೀಲದಿಂದ ತೆಗೆದ ಆ ತಲೆಯನ್ನು ಅವನ ಪರಿಚಿತರ ಎದುರಿಗೆ ಹಿಡಿಸಿಬಿಡುತ್ತಾನೆ. ಮುಂದೇನಾಯಿತೆಂಬ ಕುತೂಹಲ ಅಲ್ಲಿಗೆ ತೀರಿ, ಅವನು ಹೇಗೆ ಸತ್ತನು ಎಂಬುದೊಂದೇ ಉಳಿಯುತ್ತದೆ.

ಈ ಸಂಯಮ ಎಲ್ಲ ಕಡೆಯಲ್ಲೂ ಇದೆಯೆನ್ನಲಾರೆ. ಚಕ್ರವರ್ತಿ ನಿಕೊಲಾಸನ ಅಧ್ಯಾಯಕ್ಕಾಗಿ ಅವನು ಬಹಳ ಓದಿದನು, ತಿದ್ದಿದನು; ಆದರೂ ಅಲ್ಲಿ ಸಂಗತಿಗಳೆಲ್ಲ ಒಂದೇ ಪಕ್ಷದ ಸಾಕ್ಷಿಗಳಂತೆ ಸಾಲಾಗಿ ಬಂದು ನಿಲ್ಲುತ್ತವೆ. ಹಾಜಿ ಮುರಾದನ ವಿಷಯದಲ್ಲಿ ಕಳಚಿದ್ದ ತೀರ್ಪು ಇಲ್ಲಿ ಗಟ್ಟಿಯಾಗಿ ಕುಳಿತಿದೆ. ರಾಜನ ಬಗ್ಗೆ ಅವನು ಯಾವ ವಿಧವೆಯನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ.

ಕನ್ನಡ ವಾಚಕರಿಗೆ ಇಲ್ಲಿ 1956ರಲ್ಲಿ ಪ್ರಕಟವಾದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ನೆನಪಾಗದಿರದು. ಅದೂ ಸಾಮ್ರಾಜ್ಯವೊಂದು ನುಂಗಿದ ಮಲೆನಾಡಿನ ಕಥೆ. 1834ರಲ್ಲಿ ಕೊಡಗನ್ನು ಕಳೆದುಕೊಂಡ ಅರಸನು ಕಾಶಿಯಲ್ಲಿದ್ದು, 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಮಗಳು ಗೌರಮ್ಮನಿಗೆ ಕ್ರೈಸ್ತದೀಕ್ಷೆಯಾದುದನ್ನು ಕಂಡು, ಕಂಪನಿಯ ಸಾಲಪತ್ರಗಳ ಹಣಕ್ಕಾಗಿ ದಾವೆ ಹೂಡಿ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಸ್ವಾರಸ್ಯವೇ ಅಳತೆಗೋಲಾದರೆ ಕಾದಂಬರಿಯ ಮಧ್ಯಭಾಗ ಲಂಡನ್ನಿನಲ್ಲಿ ಇರಬೇಕಾಗಿತ್ತು. ಮಾಸ್ತಿಯವರ ಕಾದಂಬರಿಯ ಜೀವವಿರುವುದು ಮಡಿಕೇರಿಯ ಅರಮನೆಯಲ್ಲಿ, ಅರಸನಿಗೂ ಕುಂಟ ಬಸವನಿಗೂ ಇದ್ದ ನಂಟಿನಲ್ಲಿ, ಮಂತ್ರಿ ಬೋಪಣ್ಣನ ಮನಸ್ಸು ತಿರುಗುವುದರಲ್ಲಿ. ರಾಜ್ಯ ಹೇಗೆ ಒಳಗಿನಿಂದ ಕೆಡುತ್ತದೆ ಎಂಬುದು ಅವರ ಪ್ರಶ್ನೆ. ಅದಕ್ಕೆ ರಾಣಿಯ ದರ್ಬಾರು ಉತ್ತರ ಕೊಡಲಾರದು.

ಕುದುರೆಗಳು ಯಾರವೆಂದು ಟಾಲ್‌ಸ್ಟಾಯ್ ಕೇಳಿದ್ದನಷ್ಟೆ. ಕೊನೆಯ ಅಧ್ಯಾಯದಲ್ಲಿ ಹಾಜಿ ಮುರಾದನೂ ಅವನ ಸಂಗಡಿಗರೂ ಹೆಂಡಿರು ಮಕ್ಕಳನ್ನು ಬಿಡಿಸಲೆಂದು ಬೆಟ್ಟಗಳ ಕಡೆಗೆ ಓಡುತ್ತಾರೆ. ದಾರಿಯಲ್ಲಿ ನೀರು ಕಟ್ಟಿದ ಬತ್ತದ ಗದ್ದೆಗಳು. ಕುದುರೆಗಳ ಕಾಲು ಹೆಜ್ಜೆಹೆಜ್ಜೆಗೂ ಕೆಸರಿನಲ್ಲಿ ಹೂತು, ಅವು ಏದುಸಿರು ಬಿಡುತ್ತ ಸೋಲುತ್ತವೆ. ಸವಾರರು ಗದ್ದೆಯ ನಡುವಣ ಒಂದು ಪೊದೆಯಲ್ಲಿ ಇಳಿದು, ಅವಕ್ಕೆ ಮೇವು ಹಾಕಿ, ಕತ್ತಲಾಗುವುದನ್ನು ಕಾಯುತ್ತಾರೆ.