ಚದುರಂಗದ ಮೊದಲ ಹತ್ತು ನಡೆ

ಚದುರಂಗದ ಪಂದ್ಯ ನೋಡಲು ಕೂತವರಲ್ಲಿ ಹೆಚ್ಚಿನವರು ಮೊದಲ ಹತ್ತು ನಡೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಯಿಗಳ ಹೊಡೆದಾಟ ಶುರುವಾದ ಮೇಲೆಯೇ ಅವರ ಕಣ್ಣು ಅರಳುವುದು. ಹೊಸದಾಗಿ ಕಲಿಯುವವರಿಗೋ ಓಪನಿಂಗ್ ಎಂದರೆ ಬಾಯಿಪಾಠದ ಭಯ. ಎರಡೂ ಬೇಡ. ಓಪನಿಂಗಿನ ಪ್ರತಿ ನಡೆಗೂ ಒಂದು ಕಾರಣ ಇರುತ್ತದೆ. ಅದು ಕಣ್ಣಿಗೆ ಬಿದ್ದರೆ ಆಟದ ರುಚಿ ಅಲ್ಲಿಂದಲೇ ಹತ್ತುತ್ತದೆ.

ಇಟಾಲಿಯನ್ ಓಪನಿಂಗಿನಿಂದ ಶುರುಮಾಡಿ. 17ನೇ ಶತಮಾನದಲ್ಲಿ ಇಟಲಿಯ ಗ್ರೆಕೊ ಬರೆದಿಟ್ಟ ಹಸ್ತಪ್ರತಿಗಳಲ್ಲೇ ಅದು ಇದೆ; ಇಂದಿನ ಗ್ರ್ಯಾಂಡ್‌ಮಾಸ್ಟರುಗಳೂ ಅದನ್ನು ಆಡುತ್ತಾರೆ. ಬೋರ್ಡು ಮುಂದಿಟ್ಟುಕೊಂಡೇ ಓದಿ. ಬಿಳಿ ರಾಜನ ಮುಂದಿನ ಕಾಲಾಳು ಎರಡು ಮನೆ ದಾಟಿ ಇ4ಕ್ಕೆ ಬರುತ್ತದೆ. ಒಂದೇ ನಡೆಯಲ್ಲಿ ರಾಣಿಗೂ ಒಂಟೆಗೂ ದಾರಿ ತೆರೆಯಿತು, ನಡುಬೋರ್ಡಿನ ಮೇಲೆ ಹಿಡಿತವೂ ಸಿಕ್ಕಿತು. ಕಪ್ಪು ಅದನ್ನೇ ಮಾಡುತ್ತದೆ, ಇ5. ಬಿಳಿಯ ಕುದುರೆ ಎಫ್3ಕ್ಕೆ ಹಾರಿ ಇ5ರ ಕಾಲಾಳನ್ನು ಬೆದರಿಸುತ್ತದೆ. ಕಪ್ಪು ಕುದುರೆ ಸಿ6ಕ್ಕೆ ಬಂದು ಕಾಲಾಳಿಗೆ ಕಾವಲು ನಿಲ್ಲುತ್ತದೆ. ಮೂರನೆಯ ನಡೆಯಲ್ಲಿ ಬಿಳಿ ಒಂಟೆ ಸಿ4ಕ್ಕೆ ಬಂದು ಕೂರುತ್ತದೆ. ಅದರ ಕಣ್ಣು ಎಲ್ಲಿ ನೆಟ್ಟಿದೆ ನೋಡಿ: ಎಫ್7ರ ಮೇಲೆ. ಆಟದ ಆರಂಭದಲ್ಲಿ ಆ ಮನೆಗೆ ರಾಜನೊಬ್ಬನನ್ನು ಬಿಟ್ಟರೆ ಬೇರೆ ಕಾವಲೇ ಇಲ್ಲ. ಕಪ್ಪಿನ ಒಂಟೆ ಸಿ5ಕ್ಕೆ ಬಂದರೆ ಅದು ಹೀಗೆಯೇ ಎಫ್2ರತ್ತ ನೋಡುತ್ತದೆ. ಆಮೇಲೆ ಬಿಳಿ ಸಿ3 ಆಡಿದರೆ ಡಿ4ಕ್ಕೆ ಕಾಲಾಳು ನುಗ್ಗಿಸುವ ಸಿದ್ಧತೆ ಎಂದು ತಿಳಿಯಿರಿ. ಡಿ3 ಆಡಿದರೆ ನಿಧಾನದ, ಒಳಗೊಳಗೇ ಬಿಗಿಯುವ ಆಟ ಕಾದಿದೆ ಎಂದರ್ಥ.

ಇದೇ ಎಫ್7ರ ಆಸೆಗೆ ಬಿದ್ದು ಮಕ್ಕಳು ರಾಣಿಯನ್ನು ಎಚ್5ಕ್ಕೆ ಓಡಿಸಿ ನಾಲ್ಕೇ ನಡೆಯಲ್ಲಿ ಚೆಕ್‌ಮೇಟ್ ಮಾಡಲು ಹವಣಿಸುತ್ತಾರೆ. ಆ ಚಟ ಅಂಟಿಸಿಕೊಳ್ಳಬೇಡಿ. ತಿಳಿದ ಎದುರಾಳಿ ಜಿ6ರ ಕಾಲಾಳಿನಿಂದ ರಾಣಿಯನ್ನು ಅಟ್ಟುತ್ತಾನೆ. ಅದು ಎಫ್3ಕ್ಕೆ ಬಂದು ಮತ್ತೆ ಎಫ್7ಕ್ಕೆ ಗುರಿಯಿಟ್ಟರೆ, ಎಫ್6ಕ್ಕೆ ಕುದುರೆ ತಂದು ದಾರಿ ಮುಚ್ಚುತ್ತಾನೆ. ನಿಮ್ಮ ರಾಣಿ ಎರಡು ಸಲ ಅಲೆದಿದ್ದೇ ಬಂತು, ಅವನ ಕುದುರೆ ಪುಕ್ಕಟೆಯಾಗಿ ಹೊರಬಂತು.

ಓಪನಿಂಗಿನ ಸೌಂದರ್ಯ ಕಾಣಬೇಕಾದರೆ 1858ರಲ್ಲಿ ಪ್ಯಾರಿಸಿನ ಒಪೆರಾ ಮಂದಿರದಲ್ಲಿ ನಡೆದ ಆಟವನ್ನು ನೋಡಬೇಕು. ಅಮೆರಿಕದ ಪಾಲ್ ಮಾರ್ಫಿಗೆ ಆಗ 21 ವರ್ಷ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಒಬ್ಬ ಕೌಂಟ್, ಇಬ್ಬರೂ ಕೂಡಿ ಆಲೋಚಿಸಿ ಆಡುತ್ತಿದ್ದರು. ಏಳನೆಯ ನಡೆಯಲ್ಲಿ ಅವರು ರಾಣಿಯನ್ನು ಇ7ಕ್ಕೆ ತಂದು ತಮ್ಮದೇ ಒಂಟೆಯ ದಾರಿಗೆ ಅಡ್ಡ ನಿಲ್ಲಿಸಿಬಿಟ್ಟರು. ಮಾರ್ಫಿಗೆ ಬಿ7ರ ಕಾಲಾಳು ಕೈಗೆಟುಕುವಂತಿತ್ತು. ಹೊಡೆದಿದ್ದರೆ ಲಾಭವೇ. ಆದರೆ ಕಪ್ಪು ರಾಣಿ ಬಿ4ಕ್ಕೆ ಬಂದು ಚೆಕ್ ಕೊಡುತ್ತಿತ್ತು, ರಾಣಿಗಳ ವಿನಿಮಯವಾಗಿ ಆಟ ಸಪ್ಪೆಯಾಗುತ್ತಿತ್ತು. ಮಾರ್ಫಿ ಆ ಕಾಲಾಳನ್ನು ಮುಟ್ಟಲಿಲ್ಲ. ಇನ್ನೊಂದು ಕುದುರೆಯನ್ನು ಸಿ3ಕ್ಕೆ ತಂದ. ಆ ಆಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವ ನಡೆ ಇದೇ. ಜನ ಮೆಚ್ಚುವುದು ಹದಿನಾರನೆಯ ನಡೆಯ ರಾಣಿಯ ಬಲಿಯನ್ನು, ಹದಿನೇಳರ ಚೆಕ್‌ಮೇಟನ್ನು. ಅದೆಲ್ಲಕ್ಕೂ ಬೀಜ ಬಿದ್ದದ್ದು ಈ ಎಂಟನೆಯ ನಡೆಯಲ್ಲಿ. ಆಟ ಮುಗಿದಾಗ ಕಪ್ಪಿನ ಕಡೆ ನೋಡಿ: ರಾಜನ ಬದಿಯ ಒಂಟೆ, ಅದರಾಚೆಯ ಆನೆ, ಎರಡೂ ಹುಟ್ಟಿದ ಮನೆ ಬಿಟ್ಟು ಅಲುಗಿಲ್ಲ. ಬಿಳಿಯ ಎರಡು ಆನೆಗಳೂ ಕಾಳಗಕ್ಕೆ ಇಳಿದಿದ್ದವು.

ಆದ್ದರಿಂದ ಪಂದ್ಯ ನೋಡುವಾಗ ಯಾರು ಎಷ್ಟು ಕಾಯಿ ಹೊಡೆದರು ಎಂದು ಎಣಿಸುವ ಮೊದಲು, ಯಾರ ಕಾಯಿಗಳು ಎಷ್ಟು ಹೊರಬಂದಿವೆ, ಯಾರ ರಾಜ ಕ್ಯಾಸ್ಲಿಂಗ್ ಮಾಡಿ ಸುರಕ್ಷಿತವಾಗಿದ್ದಾನೆ ಎಂದು ನೋಡಿ.

ಎಲ್ಲ ಓಪನಿಂಗುಗಳೂ ನಡುಬೋರ್ಡಿಗೆ ಹೀಗೆ ನೇರ ನುಗ್ಗುವುದಿಲ್ಲ. ನಮ್ಮ ಹಳೆಯ ಪದ್ಧತಿಯಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಆ ಆಟದಲ್ಲಿ ಪಳಗಿದ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ 19ನೇ ಶತಮಾನದ ನಡುಭಾಗದಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಬ್ರಿಟಿಷ್ ಆಟಗಾರನೆದುರು ಕೂತಾಗ, ಒಂಟೆಯನ್ನು ಜಿ7ರ ಮೂಲೆಯಲ್ಲಿಟ್ಟು ದೂರದಿಂದಲೇ ನಡುಬೋರ್ಡನ್ನು ಕಾಯುತ್ತಿದ್ದರು. ಯುರೋಪಿನವರಿಗೆ ಇದು ವಿಚಿತ್ರವಾಗಿ ಕಂಡಿತು. ಇಂದು ಕಿಂಗ್ಸ್ ಇಂಡಿಯನ್ ಎಂದು ಜಗತ್ತೆಲ್ಲ ಆಡುವುದು ಇದೇ ಬಗೆಯ ಆಟವನ್ನು. ಅದರ ತಾಳ್ಮೆ ಹೊಸಬರಿಗೆ ಕಷ್ಟ. ಮೊದಲು ಇಟಾಲಿಯನ್ ಕೈವಶವಾಗಲಿ.

ಮಾರ್ಫಿಯ ಆ ಆಟ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಮೊಬೈಲಿನಲ್ಲಿ ನೋಡಬೇಡಿ, ಬೋರ್ಡಿನ ಮೇಲೆ ಕೈಯಾರೆ ಕಾಯಿ ನಡೆಸಿ. ಎರಡೂ ಕಡೆಯ ಏಳು ನಡೆಗಳಾದ ಮೇಲೆ ಪುಸ್ತಕ ಮುಚ್ಚಿ, ಬಿಳಿಯ ಕಡೆ ಕೂತು, ನೀವಾಗಿದ್ದರೆ ಏನು ಆಡುತ್ತಿದ್ದಿರಿ ಎಂದು ಯೋಚಿಸಿ. ಬಿ7ರ ಕಾಲಾಳು ಏಕೆ ಬೇಡ ಎಂಬುದನ್ನು ಮನೆಯ ಇನ್ನೊಬ್ಬರಿಗೆ ವಿವರಿಸಿ ಹೇಳುವಷ್ಟು ತಿಳಿದ ಮೇಲೆಯೇ ಮುಂದಿನ ನಡೆಗೆ ಹೋಗಿ.